‘ಹ್ಯಾರಿಸನ್ ಬರ್ಜರಾನ್’ ತೆರೆಗೆ ತರಲು ಯಾವ ದಾರಿ ನಿಮಗೆ ಸರಿ?

ಕರ್ಟ್ ವಾನಗಟ್ ಬರೆದ ‘ಹ್ಯಾರಿಸನ್ ಬರ್ಜರಾನ್’ ಕೆಲವೇ ಪುಟಗಳ ಕಥೆ. 1961ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ಕ್ಯಾಮೆರಾ ಹಿಡಿದು ಅಭ್ಯಾಸವಿರುವ ಯಾರೇ ಓದಿದರೂ ‘ಇದನ್ನು ತೆಗೆಯಬಹುದಲ್ಲ’ ಅನಿಸುತ್ತದೆ. ಪಾತ್ರಗಳು ಬೆರಳೆಣಿಕೆಯಷ್ಟು, ಜಾಗ ಎರಡೇ, ಕೊನೆ ಎದೆಗೆ ಗುದ್ದುವಂಥದ್ದು. ತೊಡಕು ಶುರುವಾಗುವುದು ಆಮೇಲೆ. ಹನ್ನೆರಡು ನಿಮಿಷದ ಕಿರುಚಿತ್ರವೋ, ಅರ್ಧ ಗಂಟೆಯದೋ, ಪೂರ್ಣ ಪ್ರಮಾಣದ ಸಿನಿಮಾವೋ? ಅಮೆರಿಕದಲ್ಲೇ ಇಡಬೇಕೋ, ಬೆಂಗಳೂರಿಗೆ ತರಬೇಕೋ? ಅನಿಮೇಷನ್ ಆದರೆ ಹೇಗೆ? ಈ ಪ್ರಶ್ನೆಗಳ ನಡುವೆ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಥೆ ನೆನಪಿಲ್ಲದವರಿಗೆ ಎರಡು ಮಾತು. ಇಸವಿ 2081. ಸಂವಿಧಾನದ 211, 212, 213ನೇ ತಿದ್ದುಪಡಿಗಳ ಬಲದಿಂದ ಅಮೆರಿಕದಲ್ಲಿ ಎಲ್ಲರೂ ಸಮಾನರು. ಯಾರೂ ಯಾರಿಗಿಂತ ಬುದ್ಧಿವಂತರಲ್ಲ, ಚೆಂದವಿಲ್ಲ, ಬಲಶಾಲಿಗಳಲ್ಲ. ಹೆಚ್ಚಿದ್ದವರನ್ನು ತಗ್ಗಿಸಿಯೇ ಇದನ್ನು ಸಾಧಿಸಿದ್ದಾರೆ. ಚುರುಕು ಬುದ್ಧಿಯ ಜಾರ್ಜ್‌ನ ಕಿವಿಯಲ್ಲೊಂದು ಪುಟ್ಟ ರೇಡಿಯೋ. ಇಪ್ಪತ್ತು ಸೆಕೆಂಡಿಗೊಮ್ಮೆ ಅದು ಕರ್ಕಶ ಸದ್ದು ಮಾಡಿ ಅವನ ಯೋಚನೆಯನ್ನು ಚದುರಿಸುತ್ತದೆ. ಕೊರಳಿಗೆ ಬೀಗ ಜಡಿದ ಕ್ಯಾನ್ವಾಸ್ ಚೀಲದಲ್ಲಿ 47 ಪೌಂಡ್, ಅಂದರೆ ಸುಮಾರು 21 ಕಿಲೋ ಕೋವಿಯ ಚರೆ. ಹೆಂಡತಿ ಹೇಜಲ್‌ಗೆ ಯಾವ ಹೊರೆಯೂ ಬೇಕಾಗಿಲ್ಲ, ಅವಳಿಗೆ ಯಾವುದನ್ನೂ ಹೆಚ್ಚು ಹೊತ್ತು ಯೋಚಿಸಲು ಬರುವುದಿಲ್ಲ. ಸರ್ಕಾರ ಹಿಡಿದುಕೊಂಡು ಹೋದ ಹದಿನಾಲ್ಕು ವರ್ಷದ ಮಗ ಹ್ಯಾರಿಸನ್ ಜೈಲಿನಿಂದ ತಪ್ಪಿಸಿಕೊಂಡು ಟಿವಿ ಸ್ಟುಡಿಯೋಗೆ ನುಗ್ಗುತ್ತಾನೆ, ಹೊರೆಗಳನ್ನು ಕಿತ್ತೆಸೆಯುತ್ತಾನೆ, ಒಬ್ಬ ನರ್ತಕಿಯ ಜೊತೆ ಛಾವಣಿ ಮುಟ್ಟುವಂತೆ ಕುಣಿಯುತ್ತಾನೆ. ಈ ಹೊರೆಗಳನ್ನು ಹೇರುವ ಇಲಾಖೆಯ ಮುಖ್ಯಸ್ಥೆ, ಹ್ಯಾಂಡಿಕ್ಯಾಪರ್ ಜನರಲ್ ಡಯಾನಾ ಮೂನ್ ಗ್ಲಾಂಪರ್ಸ್ ಜೋಡುನಳಿಗೆಯ ಕೋವಿ ಹಿಡಿದು ಬಂದು ಇಬ್ಬರನ್ನೂ ಕೊಲ್ಲುತ್ತಾಳೆ. ಅಪ್ಪ ಅಮ್ಮ ಮನೆಯಲ್ಲಿ ಟಿವಿ ಮುಂದಿನ ಸೋಫಾದಲ್ಲಿ ಕೂತಿದ್ದಾರೆ.

ಮೊದಲು ಅಳತೆಗೋಲು

ದಾರಿ ಆರಿಸುವ ಮುಂಚೆ ಈ ಕಥೆಯಲ್ಲಿ ಕಳೆದುಕೊಳ್ಳಬಾರದ್ದು ಯಾವುದು ಎಂದು ತೀರ್ಮಾನಿಸಬೇಕು. ನನ್ನ ಪ್ರಕಾರ ಅದು ಮರೆವು. ಹ್ಯಾರಿಸನ್ ಸ್ಟುಡಿಯೋದ ಬಾಗಿಲು ಕೀಳುವ ಸದ್ದು ಟಿವಿಯಲ್ಲಿ ಕೇಳಿಸಿದಾಗ ಜಾರ್ಜ್‌ಗೆ ಗುರುತು ಸಿಗುತ್ತದೆ. ಅವನ ಮನೆಯೂ ಎಷ್ಟೋ ಸಲ ಹೀಗೇ ನಡುಗಿದ್ದಿದೆ. ಇವನು ನನ್ನ ಮಗನೇ ಎಂದು ಹೊಳೆದ ಆ ಕ್ಷಣಕ್ಕೇ ಕಿವಿಯಲ್ಲಿ ಕಾರುಗಳು ಡಿಕ್ಕಿ ಹೊಡೆದ ಸದ್ದು ಬರುತ್ತದೆ. ಹೊಳೆದದ್ದು ಅಲ್ಲೇ ಅಳಿಸಿಹೋಗುತ್ತದೆ. ಮಗನನ್ನು ಕೊಲ್ಲುವ ಹೊತ್ತಿಗೆ ಹೇಜಲ್ ನೋಡುತ್ತಿರುತ್ತಾಳೆ. ಆಮೇಲೆ ಟಿವಿಯ ಟ್ಯೂಬು ಸುಟ್ಟುಹೋಗುತ್ತದೆ. ಬಿಯರ್ ತರಲು ಅಡುಗೆಮನೆಗೆ ಹೋದ ಜಾರ್ಜ್ ವಾಪಸು ಬಂದಾಗ ಅವಳ ಕೆನ್ನೆ ಒದ್ದೆಯಾಗಿರುತ್ತದೆ, ಯಾಕೆಂದು ಅವಳಿಗೇ ನೆನಪಿಲ್ಲ. ಮಗ ಸತ್ತ ದುಃಖ ಬೇರೆ ಕಥೆಗಳಲ್ಲೂ ಸಿಗುತ್ತದೆ. ದುಃಖಪಡುವ ಹಕ್ಕನ್ನೇ ಸರ್ಕಾರ ಕಸಿದುಕೊಂಡದ್ದು ಇಲ್ಲಿ ಮಾತ್ರ ಇಷ್ಟು ನಿಚ್ಚಳವಾಗಿದೆ. ಆದ್ದರಿಂದ ನಾನು ಯಾವ ರೂಪಾಂತರ ನೋಡಿದರೂ ಮೊದಲು ಕೇಳುವುದು ಒಂದೇ: ಕ್ಯಾಮೆರಾ ಎಷ್ಟು ಹೊತ್ತು ಆ ಸೋಫಾದ ಹತ್ತಿರ ಇದೆ?

ಎರಡನೆಯದು ಹ್ಯಾರಿಸನ್‌ನ ಪಾತ್ರ. ಅವನು ಬರಿಯ ಸ್ವಾತಂತ್ರ್ಯವೀರನಲ್ಲ. ಹೊರೆ ಕಳಚುವ ಮೊದಲೇ ‘ನಾನು ಚಕ್ರವರ್ತಿ, ಎಲ್ಲರೂ ನಾನು ಹೇಳಿದಂತೆ ಕೇಳಬೇಕು’ ಎಂದು ಅಬ್ಬರಿಸುತ್ತಾನೆ. ಚೆನ್ನಾಗಿ ನುಡಿಸಿದರೆ ಪದವಿ ಕೊಡುತ್ತೇನೆ ಎಂದು ವಾದ್ಯಗಾರರಿಗೆ ಆಸೆ ತೋರಿಸುತ್ತಾನೆ. ಎಲ್ಲರನ್ನೂ ತುಳಿದಿಟ್ಟ ವ್ಯವಸ್ಥೆ ಹುಟ್ಟಿಸುವ ಬಂಡಾಯಗಾರನೂ ಎಲ್ಲರನ್ನೂ ಆಳಲು ಹೊರಡುತ್ತಾನೆ. ಈ ಮಾತನ್ನು ಕತ್ತರಿಸಿದರೆ ಕಥೆಗೆ ಒಂದೇ ಕಣ್ಣು ಉಳಿಯುತ್ತದೆ.

ಮೂರನೆಯದು ಧ್ವನಿ. ಕಿವಿಯೊಳಗಿನ ಸದ್ದು ಪ್ರೇಕ್ಷಕರಿಗೂ ಕೇಳಿಸಬೇಕೇ, ಜಾರ್ಜ್‌ನ ಮುಖದ ಸೆಳೆತದಲ್ಲೇ ಗೊತ್ತಾಗಬೇಕೇ? ಇಪ್ಪತ್ತು ಸೆಕೆಂಡಿಗೊಮ್ಮೆ ಎಂದರೆ ಹನ್ನೆರಡು ನಿಮಿಷದಲ್ಲಿ 36 ಸಲ. ಅಷ್ಟನ್ನೂ ಕೇಳಿಸಿದರೆ ನೋಡುವವರು ಎದ್ದುಹೋಗುತ್ತಾರೆ, ಒಂದನ್ನೂ ಕೇಳಿಸದಿದ್ದರೆ ಅವರಿಗೆ ಏನೂ ತಟ್ಟುವುದಿಲ್ಲ. ನಾಲ್ಕನೆಯದು ಆ ಹಾರಾಟ. ಛಾವಣಿ ಇರುವುದು ಮೂವತ್ತು ಅಡಿ ಎತ್ತರದಲ್ಲಿ, ಇಬ್ಬರೂ ಅದಕ್ಕೆ ಮುತ್ತಿಟ್ಟು ಗಾಳಿಯಲ್ಲೇ ನಿಲ್ಲುತ್ತಾರೆ. ಈ ನಾಲ್ಕರ ಜೊತೆಗೆ ನಿಮ್ಮ ಕಿಸೆ ಮತ್ತು ಕಥೆಯ ಹಕ್ಕು. ಹಕ್ಕಿನ ಮಾತನ್ನು ಮುಂದೆ ಆಡೋಣ.

ಈಗಾಗಲೇ ನಡೆದ ಮೂರು ದಾರಿಗಳು

1972ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನಕ್ಕಾಗಿ ಫ್ರೆಡ್ ಬಾರ್ಜಿಕ್ ನಿರ್ದೇಶಿಸಿದ ‘ಬಿಟ್ವೀನ್ ಟೈಮ್ ಅಂಡ್ ಟಿಂಬಕ್ಟು’ ವಾನಗಟ್‌ನ ಹಲವು ಬರಹಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಬಾಹ್ಯಾಕಾಶಕ್ಕೆ ಹೋದ ಒಬ್ಬ ಕವಿ ಒಂದು ಲೋಕದಿಂದ ಇನ್ನೊಂದಕ್ಕೆ ಜಾರುತ್ತಾನೆ, ನಡುವೆ ಹ್ಯಾರಿಸನ್‌ನ ಲೋಕವೂ ಬಂದುಹೋಗುತ್ತದೆ. ಪೋಣಿಸುವ ದಾರಿಯಲ್ಲಿ ಒಂದು ಲಾಭವಿದೆ. ಆ ಲೋಕ ಹೀಗೇಕೆ ಎಂದು ವಿವರಿಸುವ ಹೊಣೆ ಇರುವುದಿಲ್ಲ, ಹೊರಗಿನಿಂದ ಬಂದವನ ಬೆರಗಿನಲ್ಲೇ ನಾವೂ ನೋಡುತ್ತೇವೆ. ಆದರೆ ಹೊರಗಿನವನ ಕಣ್ಣು ಬಂದ ಕೂಡಲೇ ಸೋಫಾ ಹಿಂದೆ ಸರಿಯುತ್ತದೆ. ತಾಯಿ ತಂದೆಯ ಮರೆವು ಒಂದು ವಿಚಿತ್ರ ದೃಶ್ಯವಾಗಿ ಹಾದುಹೋಗುತ್ತದೆ. ನಾಲ್ಕೈದು ಕಥೆಗಳ ಸರಣಿ ಮಾಡುವ ಯೋಜನೆ ನಿಮ್ಮದಾಗಿದ್ದರೆ ಮಾತ್ರ ಇದನ್ನು ಯೋಚಿಸಿ.

1995ರದು ಪೂರ್ಣ ಪ್ರಮಾಣದ ಟಿವಿ ಸಿನಿಮಾ. ಬ್ರೂಸ್ ಪಿಟ್‌ಮನ್ ನಿರ್ದೇಶನ, ಹ್ಯಾರಿಸನ್ ಆಗಿ ಶಾನ್ ಆಸ್ಟಿನ್, ಜೊತೆಗೆ ಕ್ರಿಸ್ಟಫರ್ ಪ್ಲಮರ್. ಕೆಲವು ಪುಟಗಳ ಕಥೆಯನ್ನು ಒಂದೂವರೆ ಗಂಟೆಗೂ ಮೀರಿ ಎಳೆಯಬೇಕಾದರೆ ಹೊಸ ಕಥೆಯನ್ನೇ ಕಟ್ಟಬೇಕು. ಅವರು ಕಟ್ಟಿದರು. ಇಲ್ಲಿ ಹ್ಯಾರಿಸನ್ ಶಾಲೆಯಲ್ಲಿ ಓದುವ ಹುಡುಗ, ತಲೆಗೆ ಕಟ್ಟಿದ ಪಟ್ಟಿ ಬುದ್ಧಿಯನ್ನು ತಗ್ಗಿಸಬೇಕು, ಅವನ ಮೇಲೆ ಅದು ಕೆಲಸ ಮಾಡುವುದಿಲ್ಲ. ಸಮಾನತೆಯ ಹೆಸರಿನಲ್ಲಿ ದೇಶವನ್ನು ಗುಟ್ಟಾಗಿ ನಡೆಸುತ್ತಿರುವ ಬುದ್ಧಿವಂತರ ಕೂಟ ಅವನನ್ನು ಒಳಗೆ ಕರೆದುಕೊಳ್ಳುತ್ತದೆ. ಚೀಲ, ಚರೆ, ಚೆಂದದ ಮುಖ ಮರೆಸುವ ಮುಖವಾಡಗಳ ಜಾಗದಲ್ಲಿ ಪಟ್ಟಿ ಬಂದದ್ದು ಖರ್ಚಿನ ದೃಷ್ಟಿಯಿಂದ ಜಾಣತನ. ನೂರಾರು ಸಹನಟರಿಗೆ ಸೀಸದ ಚೀಲ ತೊಡಿಸುವುದಕ್ಕಿಂತ ಪಟ್ಟಿ ಕಟ್ಟುವುದು ಎಷ್ಟೋ ಸುಲಭ. ಕೂಟದ ಕಲ್ಪನೆಯೂ ದುರ್ಬಲವಲ್ಲ, ಎಲ್ಲರನ್ನೂ ತಗ್ಗಿಸಿದ ದೇಶದಲ್ಲಿ ಆಡಳಿತ ನಡೆಸುವವರು ಯಾರು ಎಂಬ ಪ್ರಶ್ನೆಯನ್ನು ಮೂಲ ಕಥೆ ಕೇಳಿಯೇ ಇಲ್ಲ. ಕಳೆದುಕೊಂಡದ್ದು ದೇಹ. ಜಾರ್ಜ್ ಹೊತ್ತ ಭಾರ ಕಣ್ಣಿಗೆ ಕಾಣುವಂಥದ್ದು, ಬೆನ್ನು ಬಗ್ಗಿಸುವಂಥದ್ದು. ತಲೆಪಟ್ಟಿಯಲ್ಲಿ ಆ ತೂಕವಿಲ್ಲ. ಪೂರ್ಣ ಸಿನಿಮಾ ಮಾಡಬೇಕೆಂದು ಹಟವಿದ್ದರೆ ಇದನ್ನು ಪಾಠದಂತೆ ನೋಡಬೇಕು: ಎಲ್ಲಿ ಹಿಗ್ಗಿಸಿದರೆ ಕಥೆ ಬೆಳೆಯುತ್ತದೆ, ಎಲ್ಲಿ ಹಿಗ್ಗಿಸಿದರೆ ಬೇರೆಯೇ ಕಥೆಯಾಗುತ್ತದೆ ಎಂಬ ಎರಡಕ್ಕೂ ಅದರಲ್ಲಿ ಉದಾಹರಣೆ ಸಿಗುತ್ತದೆ.

2009ರ ‘2081’ ಇಪ್ಪತ್ತೈದು ನಿಮಿಷದ ಕಿರುಚಿತ್ರ. ಚಾಂಡ್ಲರ್ ಟಟಲ್ ನಿರ್ದೇಶಕ, ಜಾರ್ಜ್ ಆಗಿ ಜೇಮ್ಸ್ ಕಾಸ್ಮೊ, ಹೇಜಲ್ ಆಗಿ ಜೂಲಿ ಹ್ಯಾಗರ್ಟಿ, ಹ್ಯಾರಿಸನ್ ಆಗಿ ಆರ್ಮಿ ಹ್ಯಾಮರ್. ಮೂಲಕ್ಕೆ ಅತಿ ಹತ್ತಿರದ ಅಳತೆ ಇದೇ. ಮನೆ, ಸ್ಟುಡಿಯೋ ಎರಡನ್ನೂ ಇಟ್ಟುಕೊಂಡು, ನಿರೂಪಕಿಯ ಧ್ವನಿಯಲ್ಲಿ ಕಾಲವನ್ನು ಪರಿಚಯಿಸಿ, ಜಾರ್ಜ್‌ನ ಮುಖಕ್ಕೆ ಬಿಡುವು ಕೊಡುತ್ತದೆ. ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡ ನುಡಿಸಿದ ಸಂಗೀತ ಅದರ ಉಸಿರು. ಆದರೆ ಇಲ್ಲಿ ಹ್ಯಾರಿಸನ್ ಹದಿನಾಲ್ಕರ ಹುಡುಗನಲ್ಲ, ಬೆಳೆದ ಗಂಡಸು. ಬಾಂಬಿನ ಬೆದರಿಕೆಯನ್ನು ಸೇರಿಸಿ ಉದ್ವೇಗ ಕಟ್ಟಿದ್ದಾರೆ. ಅವನ ಘನತೆ ಹೆಚ್ಚಿದೆ, ಹುಚ್ಚುತನ ತಗ್ಗಿದೆ. ವಾನಗಟ್‌ನ ಹ್ಯಾರಿಸನ್‌ನ ಮೂಗಿಗೆ ಕೆಂಪು ರಬ್ಬರ್ ಚೆಂಡು, ಹಲ್ಲಿಗೆ ಕಪ್ಪು ಕವಚ, ಮೈಮೇಲೆ 300 ಪೌಂಡ್ ಹಳೆ ಕಬ್ಬಿಣ. ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ಆ ಚೆಂಡನ್ನು ತೆಗೆದರೆ ಚಿತ್ರ ಗಂಭೀರವಾಗುತ್ತದೆ, ಕಥೆ ಮಾತ್ರ ಸಣ್ಣದಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನೀವು ಇಪ್ಪತ್ತೈದು ನಿಮಿಷದ ದಾರಿ ಹಿಡಿದರೆ ಆ ಚೆಂಡನ್ನು ಬಿಡಬೇಡಿ.

ಈ ಅಳತೆಯಲ್ಲಿ ಖರ್ಚು ನುಂಗುವುದು ಸ್ಟುಡಿಯೋ. ನರ್ತಕಿಯರು, ವಾದ್ಯಗಾರರು, ಎತ್ತರದ ಛಾವಣಿ, ರೋಪ್ ಕಟ್ಟಿ ಹಾರಿಸಲು ತರಬೇತಿ ಪಡೆದ ಸಾಹಸ ತಂಡ. ರೋಪ್ ಕೆಲಸವನ್ನು ತರಬೇತಿಯಿಲ್ಲದ ಗೆಳೆಯನ ಕೈಗೆ ಕೊಟ್ಟು ಉಳಿತಾಯ ಮಾಡಲು ಹೋಗಬೇಡಿ, ಪ್ರಾಣಕ್ಕೆ ಸಂಬಂಧಿಸಿದ್ದು. ಚೀಲದ ಭಾರವೂ ಹಾಗೇ. 21 ಕಿಲೋವನ್ನು ನಟನ ಕೊರಳಿಗೆ ಕಟ್ಟುವಂತಿಲ್ಲ. ನಾಲ್ಕೈದು ಕಿಲೋ ನಿಜವಾದ ತೂಕವನ್ನು ಅಂಗಿಯೊಳಗೆ ಹೆಗಲಿಗೂ ಸೊಂಟಕ್ಕೂ ಹಂಚಿ, ಮೇಲೆ ಹಗುರ ಚೀಲ ತೂಗುಬಿಟ್ಟರೆ ನಡಿಗೆ ತಾನಾಗಿ ಬದಲಾಗುತ್ತದೆ. ಭಾರವನ್ನು ಬರಿ ಅಭಿನಯಿಸಿದರೆ ಮೂರನೇ ಶಾಟ್‌ಗೆ ಮರೆತುಹೋಗುತ್ತದೆ.

ಒಂದೇ ಕೋಣೆಯ ದಾರಿ

ಹೆಚ್ಚಿನವರು ಕೈಬಿಡುವ, ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಕ್ಯಾಮೆರಾ ಮನೆಯಿಂದ ಆಚೆ ಹೋಗುವುದೇ ಇಲ್ಲ. ಸೋಫಾ, ಇಬ್ಬರು ನಟರು, ಒಂದು ಟಿವಿ. ಹ್ಯಾರಿಸನ್ ಇರುವುದು ಟಿವಿಯ ಪರದೆಯೊಳಗೆ ಮಾತ್ರ, ಕೆಲವು ಸಲ ಅದೂ ಅಲ್ಲ, ಹೇಜಲ್‌ಳ ಮುಖದ ಮೇಲೆ ಬೀಳುವ ನೀಲಿ ಬೆಳಕು ಮತ್ತು ಸದ್ದಿನಲ್ಲಿ.

ಮೊದಲ ಅಳತೆಗೋಲಿಗೆ ಇದರಷ್ಟು ಸರಿಹೊಂದುವುದು ಇನ್ನೊಂದಿಲ್ಲ. ಮೂಲ ಕಥೆಯಲ್ಲೂ ನಮಗೆ ಸ್ಟುಡಿಯೋ ಸಿಗುವುದು ಆ ಟಿವಿಯ ಮೂಲಕವೇ. ಟ್ಯೂಬು ಸುಟ್ಟಾಗ ನಮ್ಮ ಕಣ್ಣೂ ಕತ್ತಲಾಗಬೇಕು. ಹಾರಾಟದ ಸಮಸ್ಯೆ ಕೂಡ ಅರ್ಧ ಕರಗುತ್ತದೆ: ಹಳೆ ಟಿವಿಯ ಮಸುಕು ಚಿತ್ರದಲ್ಲಿ, ನಡುವೆ ಗೆರೆ ಓಡುತ್ತಿರುವಾಗ, ನೆಲದಿಂದ ಮೇಲಕ್ಕೆ ಹೋಗುವ ಎರಡು ಜೊತೆ ಕಾಲುಗಳನ್ನು ತೋರಿಸಿದರೆ ನೋಡುವವರು ಉಳಿದದ್ದನ್ನು ನಂಬುತ್ತಾರೆ. ಹ್ಯಾರಿಸನ್‌ನ ಫೋಟೋವನ್ನು ವಾರ್ತೆಯಲ್ಲಿ ತಲೆಕೆಳಗಾಗಿ, ಅಡ್ಡಡ್ಡಲಾಗಿ ತೋರಿಸಿ ಆಮೇಲೆ ಸರಿಮಾಡುವ ಪ್ರಸಂಗ ಕಥೆಯಲ್ಲೇ ಇದೆ. ಕಾಸು ಖರ್ಚಿಲ್ಲದೆ ಆ ದೇಶದ ಗತಿಯನ್ನು ಹೇಳುವ ದೃಶ್ಯ ಅದು. ವಾರ್ತೆ ಓದುವ ನರ್ತಕಿ ತನ್ನ ಧ್ವನಿ ಚೆನ್ನಾಗಿದ್ದುದಕ್ಕೆ ಕ್ಷಮೆ ಕೇಳಿ ಗಂಟಲು ಕೆಡಿಸಿಕೊಂಡು ಮುಂದುವರಿಸುವುದೂ ಅಷ್ಟೇ. ಒಬ್ಬ ಒಳ್ಳೆಯ ಧ್ವನಿಕಲಾವಿದೆ ಸಾಕು.

ತಾಂತ್ರಿಕವಾಗಿ ಎರಡು ವಿಷಯ. ಟಿವಿಯೊಳಗಿನ ದೃಶ್ಯಗಳನ್ನು ಮೊದಲು ಚಿತ್ರೀಕರಿಸಿ, ಸಂಕಲಿಸಿ, ಮನೆಯ ಚಿತ್ರೀಕರಣದ ದಿನ ಟಿವಿಯಲ್ಲಿ ನಿಜವಾಗಿಯೂ ಓಡಿಸಿ. ಖಾಲಿ ಪರದೆಗೆ ಆಮೇಲೆ ಚಿತ್ರ ಅಂಟಿಸಿದರೆ ನಟರ ಕಣ್ಣು ಎಲ್ಲೋ ಇರುತ್ತದೆ, ಮುಖದ ಮೇಲಿನ ಬೆಳಕು ಹೊಂದುವುದಿಲ್ಲ. ಹಳೆಯ ಡಬ್ಬಿ ಟಿವಿ ಬಳಸುವುದಾದರೆ ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್‌ಗೆ, ಶಟರ್ ಅನ್ನು 1/50ಕ್ಕೆ ಇಡಿ. ನಮ್ಮಲ್ಲಿ ಮಾರಾಟವಾದ ಆ ಟಿವಿಗಳ ಓಟಕ್ಕೆ ಅದು ಹೊಂದಿಕೊಂಡು ಮಿಣುಕು ಎಷ್ಟೋ ಕಡಿಮೆಯಾಗುತ್ತದೆ.

ಇದರ ತೊಂದರೆಯನ್ನೂ ಹೇಳಬೇಕು. ಇಬ್ಬರು ನಟರ ಮೇಲೆ ಇಡೀ ಚಿತ್ರ ನಿಲ್ಲುತ್ತದೆ. ಹೇಜಲ್ ಪಾತ್ರ ಸುಲಭವಲ್ಲ, ಪೆದ್ದಿಯಂತೆ ನಟಿಸಿದರೆ ಕೆಟ್ಟಿತು. ಅವಳು ಒಳ್ಳೆಯವಳು. ಗಂಡನ ಚೀಲದಿಂದ ಒಂದಿಷ್ಟು ಚರೆ ತೆಗೆದುಬಿಡು ಎಂದು ಸಲಹೆ ಕೊಡುವವಳೂ ಅವಳೇ. ಒಂದು ಗುಂಡು ತೆಗೆದರೆ ಎರಡು ವರ್ಷ ಜೈಲು, ಎರಡು ಸಾವಿರ ಡಾಲರ್ ದಂಡ ಎಂದು ನೆನಪಿಸಿ, ಹಾಗೆ ಎಲ್ಲರೂ ಮಾಡಿದರೆ ಮತ್ತೆ ಪೈಪೋಟಿಯ ಕತ್ತಲ ಕಾಲ ಬರುತ್ತದಲ್ಲ ಎನ್ನುವವನು ಜಾರ್ಜ್. ವ್ಯವಸ್ಥೆಯನ್ನು ಸಮರ್ಥಿಸುವವನು ಅದರಿಂದ ಹೆಚ್ಚು ನರಳಿದವನು. ಈ ಸಂಭಾಷಣೆಗೆ ರಂಗಭೂಮಿಯಲ್ಲಿ ಪಳಗಿದ, ನಲವತ್ತು ದಾಟಿದ ನಟರನ್ನು ಹುಡುಕಿ. ಗೆಳೆಯರ ಬಳಗದ ಇಪ್ಪತ್ತೆರಡರ ಹುಡುಗರಿಗೆ ಬಿಳಿ ಕೂದಲು ಬಳಿದರೆ ಆಗುವುದಿಲ್ಲ.

ಧ್ವನಿಯ ಬಗ್ಗೆ ನನ್ನ ಸಲಹೆ: ಮೊದಲ ಎರಡು ನಿಮಿಷ ಪ್ರತಿ ಸದ್ದನ್ನೂ ಪ್ರೇಕ್ಷಕರ ಕಿವಿಗೆ ಹಾಕಿ, ಹಾಲಿನ ಬಾಟಲಿಗೆ ಸುತ್ತಿಗೆ ಬಡಿದದ್ದು, ಸೈರನ್ನು, 21 ತೋಪುಗಳ ಸಲಾಮು. ಆ ಲಯ ಅವರ ಮೈಗೆ ಹತ್ತಿದ ಮೇಲೆ ಸದ್ದು ನಿಲ್ಲಿಸಿ ಮುಖ ಮಾತ್ರ ಉಳಿಸಿ. ಮಗನ ಗುರುತು ಸಿಗುವ ಕ್ಷಣದಲ್ಲಿ ಅದನ್ನು ಮತ್ತೆ ಪೂರ್ತಿ ಜೋರಾಗಿ ತನ್ನಿ.

ಅನಿಮೇಷನ್

ಹಾರಾಟ, ಮೂಗಿನ ಚೆಂಡು, ಏಳಡಿ ಎತ್ತರದ ಹದಿನಾಲ್ಕರ ಹುಡುಗ, ಇವನ್ನೆಲ್ಲ ಅನಿಮೇಷನ್ ಸಲೀಸಾಗಿ ಕೊಡುತ್ತದೆ. ನಿಜ ನಟರಲ್ಲಿ ಹ್ಯಾರಿಸನ್‌ನ ವಯಸ್ಸು ಮತ್ತು ಗಾತ್ರ ಎರಡನ್ನೂ ಕೂಡಿಸುವುದು ಅಸಾಧ್ಯಕ್ಕೆ ಹತ್ತಿರ, ಇಲ್ಲಿ ಅದು ಪೆನ್ಸಿಲಿನ ಕೆಲಸ. ತೊಡಕಿರುವುದು ಮರೆವನ್ನು ಚಿತ್ರಿಸುವಲ್ಲಿ. ಹೊಳೆದದ್ದು ಅಳಿಸಿಹೋಗುವ ಅರೆಕ್ಷಣವನ್ನು ಒಬ್ಬ ನಟನ ಕಣ್ಣು ಹೇಳುವಷ್ಟು ಸೂಕ್ಷ್ಮವಾಗಿ ಬರೆಯಲು ಪಳಗಿದ ಕೈ ಬೇಕು, ಬಹಳ ಸಮಯ ಬೇಕು. ಒಬ್ಬರೇ ಕೂತು ಮಾಡುವವರಾದರೆ ಐದಾರು ನಿಮಿಷಕ್ಕೆ ಮಿತಿಗೊಳಿಸಿ.

ನಮ್ಮ ಊರಿಗೆ ತರುವುದಾದರೆ

ಇಲ್ಲಿ ನಿಧಾನಿಸಬೇಕು. ಈ ಕಥೆಯನ್ನು ಸಮಾನತೆಯ ವಿರುದ್ಧದ ವಾದವಾಗಿ ಬಳಸಿದ ಇತಿಹಾಸ ಅಮೆರಿಕದಲ್ಲೇ ಇದೆ. 2001ರಲ್ಲಿ ಕಾಲಿನ ಕಾಯಿಲೆಯಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಪಂದ್ಯದ ನಡುವೆ ಗಾಡಿ ಬಳಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದಾಗ, ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಈ ಕಥೆಯ 2081ನ್ನು ನೆನಪಿಸಿದರು. 2005ರಲ್ಲಿ ಕಾನ್ಸಾಸ್ ರಾಜ್ಯದ ಶಾಲೆಗಳಿಗೆ ಹಣ ಹಂಚುವ ಮೊಕದ್ದಮೆಯಲ್ಲಿ ಸಿರಿವಂತ ಪ್ರದೇಶದವರ ಪರ ವಕೀಲರು ಇದನ್ನೇ ಮುಂದಿಟ್ಟರು. ಆಗ ಇನ್ನೂ ಬದುಕಿದ್ದ ವಾನಗಟ್ ಅದನ್ನು ಒಪ್ಪಲಿಲ್ಲ. ಕಥೆ ಬುದ್ಧಿ, ಪ್ರತಿಭೆಗಳ ಕುರಿತದ್ದು, ಹಣವಿರುವುದು ಎರಡಕ್ಕೂ ಸಾಕ್ಷಿಯಲ್ಲ ಎಂದರು.

ಈಗ ಇದನ್ನು ಹಾಗೆಯೇ ಬೆಂಗಳೂರಿನ ಮನೆಯೊಂದಕ್ಕೆ ತಂದು ಜಾರ್ಜ್‌ನ ಕೊರಳಿಗೆ ಚೀಲ ಹಾಕಿದರೆ, ಪ್ರೇಕ್ಷಕರಲ್ಲಿ ಬಹಳ ಜನ ಆ ಚೀಲವನ್ನು ಮೀಸಲಾತಿ ಎಂದೇ ಓದುತ್ತಾರೆ. ನಿಮಗೆ ಆ ಉದ್ದೇಶವಿಲ್ಲದಿದ್ದರೂ. ಮತ್ತು ಆ ಓದು ಸುಳ್ಳು. ಗ್ಲಾಂಪರ್ಸ್‌ಳ ಇಲಾಖೆ ಸಾಮರ್ಥ್ಯವಿದ್ದವರನ್ನು ಕುಗ್ಗಿಸುತ್ತದೆ, ನಮ್ಮ ಸಂವಿಧಾನದ 15 ಮತ್ತು 16ನೇ ವಿಧಿಗಳು ತಲೆಮಾರುಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆಯುತ್ತವೆ. ರಾಜಕೀಯದಲ್ಲಿ ಸಮಾನತೆ ಬರುತ್ತಿದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿದಿದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ ದೇಶ ಇದು. ಹೆಚ್ಚಾದ ಸಮಾನತೆಯಿಂದ ಇಲ್ಲಿ ಯಾರೂ ಸತ್ತಿಲ್ಲ, ಇಲ್ಲದ ಸಮಾನತೆಯಿಂದ ಸತ್ತವರಿದ್ದಾರೆ. ಆದ್ದರಿಂದ ಅಮೆರಿಕದ ಕಥೆಯನ್ನು ಅಮೆರಿಕದಲ್ಲೇ ಇಡಿ. ಸಂಭಾಷಣೆ ಕನ್ನಡದಲ್ಲಿರಲಿ, ಹೆಸರು, ಇಸವಿ, ಇಲಾಖೆ ಅಲ್ಲಿಯದೇ ಇರಲಿ. ನಮ್ಮ ರಂಗಭೂಮಿ ಗ್ರೀಕ್ ನಾಟಕಗಳನ್ನೂ ಶೇಕ್ಸ್‌ಪಿಯರ್‌ನನ್ನೂ ಹಾಗೇ ಆಡಿದೆ, ಕನ್ನಡದ ಪ್ರೇಕ್ಷಕರಿಗೆ ಅದು ಹೊಸದಲ್ಲ.

ಕಿವಿಯ ರೇಡಿಯೋ ಬದಲು ಮೊಬೈಲ್ ನೋಟಿಫಿಕೇಶನ್ ಇಡುವ ಆಸೆ ಹಲವರಿಗಿದೆ. ಬೇಡ ಎನ್ನುತ್ತೇನೆ. ಫೋನನ್ನು ನಾವೇ ಕೈಗೆ ತೆಗೆದುಕೊಳ್ಳುತ್ತೇವೆ. ಜಾರ್ಜ್ ಅದನ್ನು ತೆಗೆಯುವಂತಿಲ್ಲ, ತೆಗೆದರೆ ಜೈಲು. ಬಲವಂತ ಹೋದರೆ ಕಥೆಯೂ ಹೋಯಿತು.

ಹಕ್ಕು, ಖರ್ಚು, ತೀರ್ಮಾನ

ವಾನಗಟ್ ತೀರಿಕೊಂಡದ್ದು 2007ರಲ್ಲಿ. ನಮ್ಮ ಕಾಯಿದೆಯಲ್ಲಿ ಕೃತಿಸ್ವಾಮ್ಯ ಇರುವುದು ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ. ಕಥೆ ಇನ್ನೂ ಬಹುಕಾಲ ಹಕ್ಕಿಗೆ ಒಳಪಟ್ಟದ್ದೇ. ಯೂಟ್ಯೂಬ್‌ಗೆ ಹಾಕಲು, ಚಿತ್ರೋತ್ಸವಕ್ಕೆ ಕಳಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು. ‘ಪ್ರೇರಣೆ’ ಎಂದು ಶೀರ್ಷಿಕೆಯಲ್ಲಿ ಹಾಕಿದರೆ ಅನುಮತಿ ಬೇಡವೆಂಬುದು ತಪ್ಪು ನಂಬಿಕೆ. ಇನ್ನೊಂದು ಬದಿಯೂ ಇದೆ: 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹಕ್ಕಿರುವುದು ಅಭಿವ್ಯಕ್ತಿಗೆ, ಬರಿಯ ವಿಚಾರಕ್ಕಲ್ಲ ಎಂದಿದೆ. ಒತ್ತಾಯದಿಂದ ಮರೆಸುವ ಸರ್ಕಾರ ಎಂಬ ವಿಚಾರವನ್ನು ಹಿಡಿದು ನಿಮ್ಮದೇ ಪಾತ್ರ, ನಿಮ್ಮದೇ ಯಂತ್ರ, ನಿಮ್ಮದೇ ಘಟನೆ ಕಟ್ಟಬಹುದು. ನಮ್ಮ ಊರಿನ ಕಥೆಯೇ ಬೇಕು ಎನ್ನುವವರಿಗೆ ಇದು ನೇರ ದಾರಿ. ಅದಕ್ಕೆ ಚೀಲ, ಚರೆ, ಕಿವಿಯ ರೇಡಿಯೋ ಒಂದನ್ನೂ ತರಬೇಡಿ.

ಕಾಲೇಜಿನ ಅಭ್ಯಾಸಕ್ಕಾಗಿ, ಕೈಯಲ್ಲಿ ಕಾಸಿಲ್ಲದೆ ಮಾಡುವವರು ಒಂದೇ ಕೋಣೆಯನ್ನು ಆರಿಸಿ, ಉಳಿದ ಹಣವನ್ನೆಲ್ಲ ಧ್ವನಿಗೆ ಹಾಕಿ. ನಿರ್ಮಾಪಕರು, ಸಾಹಸ ತಂಡ, ಅನುಮತಿ ಮೂರೂ ಕೈಯಲ್ಲಿರುವವರಿಗೆ ಇಪ್ಪತ್ತೈದು ನಿಮಿಷದ ಅಳತೆ ಸರಿ. ಪೂರ್ಣ ಸಿನಿಮಾಕ್ಕೆ ಹೊರಟವರು ಹ್ಯಾರಿಸನ್‌ನ ಹಿಂದೆ ಹೋಗದೆ, ಮಗನನ್ನು ಹಿಡಿದುಕೊಂಡು ಹೋದ ಆ ಏಪ್ರಿಲ್‌ನಿಂದ ಶುರುಮಾಡಿ ಹೆತ್ತವರ ಜೊತೆಯೇ ಉಳಿದು ನೋಡಲಿ. ಆ ಸಿನಿಮಾವನ್ನು ಇನ್ನೂ ಯಾರೂ ಮಾಡಿಲ್ಲ.

ಯಾವುದೇ ದಾರಿಯಾದರೂ ಚಿತ್ರಕಥೆ ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಇಬ್ಬರನ್ನು ಎದುರು ಕೂರಿಸಿ ಜಾರ್ಜ್, ಹೇಜಲ್‌ರ ಮಾತುಗಳನ್ನು ಜೋರಾಗಿ ಓದಿಸಿ. ಒಬ್ಬರು ಪಕ್ಕದಲ್ಲಿ ನಿಂತು ಇಪ್ಪತ್ತು ಸೆಕೆಂಡಿಗೊಮ್ಮೆ ತಟ್ಟೆ ಬಡಿಯಲಿ. ಎಲ್ಲಿ ಮಾತು ತುಂಡಾದಾಗ ಕೇಳುವವರಿಗೆ ನೋವಾಯಿತು, ಎಲ್ಲಿ ಬರಿ ಕಿರಿಕಿರಿಯಾಯಿತು ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ, ಆ ಗುರುತುಗಳ ಮೇಲೆ ಚಿತ್ರಕಥೆ ಕಟ್ಟಲು ಕೂರಿ.